ಮಕ್ಕಳ ಚಳಿಗಾಲದ ಕುದುರೆ ಸವಾರಿ ಉಡುಪು: ಮೂರನೆಯ ಚಳಿಗಾಲದಲ್ಲಿ ಬರೆದ ವಿಮರ್ಶೆ

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ನೆಲೆಸಿರುವ ನಮ್ಮ ಮಗಳು ಲೀಡ್ಸ್ ನಗರದ ಹೊರವಲಯದ ಸವಾರಿ ಶಾಲೆಯೊಂದರಲ್ಲಿ ಪ್ರತಿ ಶನಿವಾರ ಪೋನಿ (ಗಿಡ್ಡ ತಳಿಯ ಕುದುರೆ) ಸವಾರಿ ಕಲಿಯುತ್ತಾಳೆ. ಶಾಲೆಯ ಮರಳಿನ ಅಂಗಳಕ್ಕೆ ದೀಪಗಳಿವೆ, ಸೂರಿಲ್ಲ. ಡಿಸೆಂಬರ್‌ನಲ್ಲಿ ಇಲ್ಲಿ ಮಧ್ಯಾಹ್ನ ಮೂರು ಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 6–7 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅಂಕಿ ನೋಡಿದರೆ ಇದೇನು ಮಹಾ ಚಳಿ ಎನ್ನಿಸಬಹುದು. ಆದರೆ ಇಲ್ಲಿ ಹಿಮಕ್ಕಿಂತ ಹೆಚ್ಚಾಗಿ ಬೀಳುವುದು ಜಿನುಗು ಮಳೆ. ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿದಾಗ ಜೀನಿನ ಮೇಲೆ ಕೂತಲ್ಲೇ ಕೂತ ಮಗುವಿಗೆ ಆಗುವ ಚಳಿಯನ್ನು ಥರ್ಮಾಮೀಟರ್ ತೋರಿಸುವುದಿಲ್ಲ. ಇಂತಹ ಹವೆಯಲ್ಲಿ ಬಳಸಿ ನೋಡಿದ ಉಡುಪುಗಳ ಪೈಕಿ ಯಾವುದು ಬೆಲೆಗೆ ತಕ್ಕ ಕೆಲಸ ಮಾಡಿದೆ, ಯಾವುದು ಮಾಡಿಲ್ಲ ಎಂಬುದನ್ನು ಹೊಸದಾಗಿ ಕೊಳ್ಳಹೊರಟ ತಂದೆತಾಯಿಯರಿಗಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ದಪ್ಪ ಜಾಕೆಟಿಗೆ ಸುರಿಯುವ ಹಣವನ್ನು ಪಾದ, ಕೈ ಮತ್ತು ತೊಡೆಗಳ ರಕ್ಷಣೆಗೆ ಖರ್ಚು ಮಾಡುವುದು ಮೇಲು.

ಇದಕ್ಕೆ ಕಾರಣವಿದೆ. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚಾದ್ದರಿಂದ ಅವರ ಮೈಶಾಖ ಬೇಗ ಸೋರಿಹೋಗುತ್ತದೆ. ಅದರ ಮೇಲೆ, ಪೋನಿ ಟ್ರಾಟ್ (ಕುಲುಕು ಓಟ) ಹೋಗುವಾಗ ಏಳುತ್ತ ಕೂರುತ್ತ ಬೆವರುವ ಮಗು, ತನ್ನ ಸರದಿ ಮುಗಿದ ಮೇಲೆ ಉಳಿದವರೆಲ್ಲ ನೆಲದ ಮೇಲಿಟ್ಟ ಗಳಗಳನ್ನು ದಾಟುವವರೆಗೆ ಅದೇ ಬೆವರಿನಲ್ಲಿ ಅಲುಗಾಡದೆ ನಿಂತಿರಬೇಕಾಗುತ್ತದೆ. ಹತ್ತಿಯ ಬನಿಯನ್ ಆ ಹೊತ್ತಿನಲ್ಲಿ ಮೈಗೆ ಅಂಟಿಕೊಂಡು ತಣ್ಣಗಾಗುತ್ತದೆ. ಮೆರಿನೊ ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಹಸಿ ಎನ್ನಿಸುವುದಿಲ್ಲ. ಆದ್ದರಿಂದ ಮೈಗೆ ತಗಲುವ ಮೊದಲ ಪದರ ತೆಳುವಾದ ಮೆರಿನೊ ಅಂಗಿಯೇ ಆಗಿರಲಿ. ಅದರ ಮೇಲೊಂದು ಮೈಗಪ್ಪುವ ತೆಳು ಫ್ಲೀಸ್, ಅದರ ಮೇಲೆ ಶಾಲೆಯವರು ಕಡ್ಡಾಯ ಮಾಡಿರುವ ಬಾಡಿ ಪ್ರೊಟೆಕ್ಟರ್, ಅಂದರೆ ಬಿದ್ದಾಗ ಪೆಟ್ಟು ತಗ್ಗಿಸುವ ಕವಚ. ಈ ಕೊನೆಯದನ್ನು ಯಾರೂ ಬೆಚ್ಚನೆಯ ಉಡುಪೆಂದು ಲೆಕ್ಕ ಹಿಡಿಯುವುದಿಲ್ಲ. ಬ್ರಿಟನ್ನಿನ ಕುದುರೆ ಸವಾರಿ ಉದ್ಯಮ ಸಂಘದ ಸುರಕ್ಷತಾ ಮಾನದಂಡವಾದ ಬೀಟಾ 2018 ಲೆವೆಲ್ 3 ಎಂಬ ನೀಲಿ ಚೀಟಿಯಿರುವ ನಮ್ಮ ಬಾಡಿ ಪ್ರೊಟೆಕ್ಟರ್ ಎದೆ, ಬೆನ್ನು, ಪಕ್ಕೆಗಳನ್ನು ದಪ್ಪ ಫೋಮಿನಿಂದ ಸುತ್ತಿ ಗಾಳಿ ನುಗ್ಗದಂತೆ ತಡೆಯುತ್ತದೆ. ಮುಂಡದ ಮಟ್ಟಿಗೆ ಇಷ್ಟಾದರೆ ಸಾಕು. ಇದರ ಮೇಲೆ ಹತ್ತಿಯಂತೆ ಉಬ್ಬಿದ ಜಾಕೆಟ್ ಹಾಕಿದರೆ ಮಗುವಿಗೆ ಮೊಣಕೈ ಮಡಿಸುವುದೇ ಕಷ್ಟ. ಒಂದು ಎಚ್ಚರಿಕೆ: ಈ ಫೋಮು ಚಳಿಯಲ್ಲಿ ಗಟ್ಟಿಯಾಗಿ, ಮೈಶಾಖ ತಗುಲಿದ ಮೇಲೆ ಮೆತ್ತಗಾಗುತ್ತದೆ. ರಾತ್ರಿಯೆಲ್ಲ ಕಾರಿನ ಡಿಕ್ಕಿಯಲ್ಲಿದ್ದುದನ್ನು ಹಾಗೆಯೇ ತೊಡಿಸಿದರೆ ಅದು ಮೈಗೆ ಕೂರುವುದಿಲ್ಲ. ಮನೆಯೊಳಗೆ ಇಟ್ಟುಕೊಂಡಿದ್ದು ತರಬೇಕು.

ಹೊರಪದರವಾಗಿ ನಾವು ಕೊಂಡಿದ್ದು ಮೊಣಕಾಲಿನವರೆಗೆ ಬರುವ, ಹಿಂಭಾಗ ಸೀಳಿರುವ ಮಳೆಕೋಟು. ಕೂತಾಗ ಅದರ ಎರಡು ಅಂಚುಗಳೂ ಜೀನಿನ ಎರಡು ಪಕ್ಕಕ್ಕೆ ಇಳಿದು ತೊಡೆಯನ್ನು ಮುಚ್ಚುತ್ತವೆ. ಇದು ಬರಿಯ ಅಲಂಕಾರವಲ್ಲ. ಕುದುರೆಯ ಮೈಶಾಖ ಸುಮಾರು 38 ಡಿಗ್ರಿ ಇರುವುದರಿಂದ ಸವಾರನ ಒಳತೊಡೆ ಹೇಗೂ ಬೆಚ್ಚಗಿರುತ್ತದೆ. ಮಳೆ, ಗಾಳಿಗಳಿಗೆ ಸಿಕ್ಕು ಮರಗಟ್ಟುವುದು ತೊಡೆಯ ಮೇಲ್ಭಾಗ ಮತ್ತು ಮಂಡಿಚಿಪ್ಪು. ಸಾಮಾನ್ಯ ಶಾಲಾ ಜಾಕೆಟುಗಳು ಸೊಂಟಕ್ಕೇ ನಿಲ್ಲುವುದರಿಂದ ಅವುಗಳ ಮೇಲಿಂದ ಜಾರಿದ ನೀರೆಲ್ಲ ಸರಿಯಾಗಿ ತೊಡೆಯ ಮೇಲೆಯೇ ಬೀಳುತ್ತದೆ. ಕೋಟು ಕೊಳ್ಳುವಾಗ ನೋಡಬೇಕಾದ ಅಂಶ ಎರಡು ಕಡೆಯಿಂದಲೂ ತೆರೆಯುವ ಜಿಪ್. ಕೆಳಗಿನ ತುದಿಯನ್ನು ಗೇಣಷ್ಟು ಬಿಚ್ಚದಿದ್ದರೆ ಮಗು ಜೀನಿನ ಮೇಲೆ ಕೂತ ಕೂಡಲೇ ಬಟ್ಟೆ ಗದ್ದದವರೆಗೆ ಮೇಲೇರುತ್ತದೆ. ನೀರು ತಡೆಯುವ ಗುಣವನ್ನು, ಅಂದರೆ ಬಟ್ಟೆ ಸೋರದೆ ತಾಳಬಲ್ಲ ನೀರಿನ ಕಂಬದ ಎತ್ತರವನ್ನು, ಚೀಟಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ನಮ್ಮದು 10,000 ಎಂದು ಬರೆದಿದ್ದು, ಹೊಲಿಗೆಗಳಿಗೆ ಒಳಗಿನಿಂದ ಟೇಪು ಹಚ್ಚಿದ್ದಾರೆ, ಇಂದಿಗೂ ಭುಜದಲ್ಲಿ ಸೋರಿಲ್ಲ. ಬಾಡಿ ಪ್ರೊಟೆಕ್ಟರ್ ಒಳಗೆ ಹಿಡಿಯುವಂತೆ ಒಂದು ಅಳತೆ ದೊಡ್ಡದನ್ನು ಕೊಂಡಿದ್ದರಿಂದ ಮಗಳು ಬೆಳೆದರೂ ಅದು ಇನ್ನೂ ಆಗುತ್ತಿದೆ. ತೋಳಿನ ತುದಿಯ ವೆಲ್ಕ್ರೋ ಮಾತ್ರ ಪೋನಿಯ ಕೂದಲು, ಹುಲ್ಲಿನ ಎಳೆಗಳನ್ನು ತುಂಬಿಕೊಂಡು ಮೊದಲ ಚಳಿಗಾಲದಲ್ಲೇ ಅಂಟುವುದನ್ನು ಬಿಟ್ಟಿತು.

ಒಳಗೆ ಫ್ಲೀಸ್ ಇರುವ ಸವಾರಿ ಟೈಟ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಚೆನ್ನಾಗಿವೆ, ಕೊಳ್ಳಿ. ಬೇಸಿಗೆಯ ಪ್ಯಾಂಟಿನ ಕೆಳಗೆ ಇನ್ನೊಂದು ಲೆಗ್ಗಿಂಗ್ಸ್ ತೊಡಿಸುವುದು ಅಗ್ಗದ ಉಪಾಯವೆಂದು ಕೆಲವರು ಹೇಳುತ್ತಾರಾದರೂ, ಎರಡು ಪದರಗಳು ಒಂದರ ಮೇಲೊಂದು ಜಾರಿ ಮಂಡಿಯ ಹಿಂದೆ ನಿರಿಗೆಗಟ್ಟಿದಾಗ ಆ ಜಾಗ ಕೆಂಪಾಗಿ ಉರಿಯುತ್ತದೆ.

ಪಾದದ ವಿಷಯವೇ ಎಲ್ಲಕ್ಕಿಂತ ಕಷ್ಟದ್ದು. ಸವಾರನ ಪಾದ ನಡೆಯುವುದಿಲ್ಲ, ಓಡುವುದಿಲ್ಲ. ಗಾಳಿಗೆ ಒಡ್ಡಿಕೊಂಡು ತಣ್ಣನೆಯ ಲೋಹದ ರಿಕಾಪಿನ (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆಯ) ಮೇಲೆ ಒತ್ತಿಕೊಂಡಿರುತ್ತದೆ. ಚಳಿ ಎಂದೊಡನೆ ಎರಡು ಜೊತೆ ಕಾಲುಚೀಲ ಹಾಕುವುದು ನಮ್ಮೆಲ್ಲರ ರೂಢಿ; ಆದರೆ ಬೂಟು ಬಿಗಿಯಾದರೆ ರಕ್ತಸಂಚಾರ ಕುಗ್ಗಿ, ಬೆಚ್ಚನೆಯ ಗಾಳಿ ನಿಲ್ಲಲು ಜಾಗವಿಲ್ಲದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಅರ್ಧ ಅಳತೆ ದೊಡ್ಡ ಬೂಟು, ಉದ್ದನೆಯ ಒಂದೇ ಉಣ್ಣೆಯ ಕಾಲುಚೀಲ, ಕೆಳಗೆ ಫೆಲ್ಟ್ ಇನ್‌ಸೋಲ್: ನಮಗೆ ಒಗ್ಗಿದ್ದು ಇದು. ಬೆರಳುಗಳು ಬೂಟಿನೊಳಗೆ ಕುಣಿಯುವಂತಿರಬೇಕು. ಹಾಗೆಂದು ಹಿಮದಲ್ಲಿ ನಡೆಯುವ ದಪ್ಪ ಅಟ್ಟೆಯ ಬೂಟನ್ನು ಸವಾರಿಗೆ ಹಾಕಿಸುವಂತಿಲ್ಲ. ಬಿದ್ದಾಗ ಪಾದ ರಿಕಾಪಿನಲ್ಲಿ ಸಿಕ್ಕಿಕೊಳ್ಳದಿರಲು ಅಟ್ಟೆ ನಯವಾಗಿರಬೇಕು, ಚಿಕ್ಕ ಹಿಮ್ಮಡಿ ಇರಬೇಕು, ರಿಕಾಪಿನೊಳಗೆ ಬೂಟಿನ ಎರಡೂ ಪಕ್ಕಕ್ಕೆ ಸುಮಾರು ಅರ್ಧ ಇಂಚು ಜಾಗ ಉಳಿಯಬೇಕು. ಚಳಿಗಾಲದ ಬೂಟು ಬೇಸಿಗೆಯದಕ್ಕಿಂತ ಅಗಲವಿರುವುದರಿಂದ ಹೊಸದನ್ನು ಕೊಂಡ ವಾರ ಬೋಧಕಿಗೆ ತೋರಿಸಿ ರಿಕಾಪನ್ನೂ ಬದಲಿಸಿಕೊಳ್ಳುವುದು ಅಗತ್ಯ.

ನಾವು ಮೊದಲು ಕೊಂಡ, ಒಳಗೆ ಕೃತಕ ತುಪ್ಪಳವಿದ್ದ ಬೂಟಿನ ಜಿಪ್ ಲಾಯದ ಕೆಸರು ಹೊಕ್ಕು ಫೆಬ್ರವರಿಯ ಹೊತ್ತಿಗೆ ಹಲ್ಲು ಕಳಚಿತು. ಮಾರಿದ ಕಂಪನಿಯವರು ಅದು ಸಹಜ ಸವೆತವೆಂದು ಹೇಳಿ ಕೈತೊಳೆದುಕೊಂಡರು. ಈಗಿನದು ಜಿಪ್ಪಿಲ್ಲದ, ಪಕ್ಕದಲ್ಲಿ ಎಲಾಸ್ಟಿಕ್ ಇರುವ ಚರ್ಮದ ಗಿಡ್ಡ ಬೂಟು. ಮೇಲೆ ಮೀನಖಂಡಕ್ಕೆ ಹಾಫ್ ಚಾಪ್ಸ್ ಎಂಬ ಕಾಲುಗವಸು. ಇದರಲ್ಲಿ ಕೆಡುವಂಥದ್ದು ಏನೂ ಇಲ್ಲ. ಬೂಟಿನೊಳಗೆ ಇಡುವ ಶಾಖದ ಪೊಟ್ಟಣಗಳನ್ನೂ ಬಳಸಿ ನೋಡಿದ್ದೇವೆ. ಅವುಗಳಲ್ಲಿರುವ ಕಬ್ಬಿಣದ ಪುಡಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ತುಕ್ಕು ಹಿಡಿಯುವಾಗ ಶಾಖ ಹುಟ್ಟುತ್ತದೆ. ಗಾಳಿಯಾಡದ ಬೂಟಿನಲ್ಲಿ ಆ ಕ್ರಿಯೆ ಮಂದವಾಗಿ ಪೊಟ್ಟಣ ಬರಿಯ ಗಂಟಾಗಿ ಪಾದಕ್ಕೆ ಒತ್ತುತ್ತದೆ. ಕೋಟಿನ ಜೇಬಿನಲ್ಲಿ ಅದೇ ಪೊಟ್ಟಣ ಚೆನ್ನಾಗಿ ಕೆಲಸ ಮಾಡುತ್ತದೆ. ಬರಿಮೈಗೆ ತಾಗಿಸಿಟ್ಟರೆ ಸುಡುವ ಅಪಾಯವಿರುವುದರಿಂದ ಮಕ್ಕಳ ಕೈಗೆ ನೇರವಾಗಿ ಕೊಡಬೇಡಿ.

ಕೈಗವಸಿನಲ್ಲಿ ಬೆಚ್ಚಗಿರುವುದಕ್ಕೂ ಲಗಾಮಿನ ಹಿಡಿತಕ್ಕೂ ಜಗಳ. ಸ್ಕೀಯಿಂಗ್ ಮಾಡುವವರ ದಪ್ಪ ಕೈಗವಸಿನಲ್ಲಿ ಮಗಳಿಗೆ ಲಗಾಮು ಜಾರಿದ್ದೇ ತಿಳಿಯುತ್ತಿರಲಿಲ್ಲ. ರಬ್ಬರಿನ ಚುಕ್ಕಿಗಳಿರುವ, ಎರಡು ಮೂರು ಪೌಂಡಿಗೆ ಸಿಗುವ ಹೆಣೆದ ಕೈಗವಸುಗಳಲ್ಲಿ ಹಿಡಿತ ಚೆನ್ನಾಗಿದೆ, ಆದರೆ ಮಳೆಗೆ ಕ್ಷಣದಲ್ಲಿ ನೆನೆಯುತ್ತವೆ. ಲಗಾಮು ಹಾಯುವುದು ಕಿರುಬೆರಳು ಮತ್ತು ಉಂಗುರಬೆರಳಿನ ನಡುವೆ. ತೂತು ಬೀಳುವುದೂ ಅಲ್ಲಿಯೇ. ಆ ಜಾಗಕ್ಕೆ ಹೆಚ್ಚುವರಿ ತೇಪೆ ಇರುವ, ಒಳಗೆ ತೆಳು ಅಸ್ತರಿನ ಸವಾರಿ ಕೈಗವಸು ದುಬಾರಿಯಾದರೂ ಬಾಳಿಕೆ ಬರುತ್ತದೆ. ಮಳೆಯ ದಿನ ಅಗ್ಗದ್ದೊಂದು ಜೊತೆ ನನ್ನ ಕೋಟಿನೊಳಗೆ ಬೆಚ್ಚಗೆ ಕಾದಿರುತ್ತದೆ. ಬೋಧಕಿ ಕಲಿಸಿರುವ ಉಪಾಯಕ್ಕಂತೂ ಕಾಸೂ ಬೇಡ: ಪೋನಿ ನಿಂತಿರುವಾಗ ಒಂದು ಕೈಯಲ್ಲಿ ಲಗಾಮು ಹಿಡಿದು ಇನ್ನೊಂದನ್ನು ಅದರ ಕೇಸರದ ಅಡಿಗೆ ತೂರಿಸುವುದು. ಅಲ್ಲಿ ಎಂತಹ ಚಳಿಯಲ್ಲೂ ಬಿಸಿ ಇರುತ್ತದೆ.

ತಲೆಗೆ ಸಂಬಂಧಿಸಿದಂತೆ ಊರಿನ ಹಿರಿಯರೊಡನೆ ಸ್ವಲ್ಪ ವಾದವೇ ಆಗಬೇಕಾಯಿತು. ತೀರ್ಥಹಳ್ಳಿಯಿಂದ ಅಜ್ಜಿ ಉಲ್ಲನ್ ಕುಲಾವಿ ಹೆಣೆದು ಕಳಿಸಿದ್ದರು. ಹೆಲ್ಮೆಟ್ಟಿನ ಒಳಗೆ ಅದನ್ನು ಹಾಕಿಸುತ್ತಿಲ್ಲವೆಂದು ವಿಡಿಯೊ ಕರೆಯಲ್ಲಿ ಬೇಸರಪಟ್ಟರು. ಆದರೆ ಪಿಎಎಸ್ 015:2011ರಂತಹ ಬ್ರಿಟಿಷ್ ಸುರಕ್ಷತಾ ಮಾನದಂಡದ ಹೆಲ್ಮೆಟ್ಟನ್ನು ತಲೆಗೆ ಅಳೆದು ಕೂರಿಸಿರುತ್ತಾರೆ; ಒಳಗೆ ದಪ್ಪ ಟೋಪಿ ಸೇರಿದರೆ ಅದು ಮೇಲೆದ್ದು, ಬಿದ್ದಾಗ ಜಾರುತ್ತದೆ. ತೆಳು ರೇಷ್ಮೆಯ ಒಳಟೋಪಿ, ಅಗಲವಾಗಿ ಹರಡಿದ ಜಡೆ, ಕತ್ತಿಗೆ ಕೊಳವೆಯಂತಹ ಉಣ್ಣೆಯ ಪಟ್ಟಿ ಸಾಕು. ತುದಿಗಳು ಜೋತಾಡುವ ಮಫ್ಲರ್ ಬೇಡವೇ ಬೇಡ. ಅಜ್ಜಿಯ ಕುಲಾವಿ ಲಾಯದಲ್ಲಿ ಪೋನಿಯ ಮೈ ಉಜ್ಜುವಾಗಲೂ ಮರಳುವ ದಾರಿಯಲ್ಲೂ ಅವಳ ತಲೆಯ ಮೇಲಿರುತ್ತದೆ, ಆದ್ದರಿಂದ ಸಂಧಾನವಾಗಿದೆ.

ಉಡುಪಿನಷ್ಟೇ ಮುಖ್ಯವಾದದ್ದು ಪಾಠದ ಅವಧಿ. ಜನವರಿಯಲ್ಲಿ ಒಂದು ಗಂಟೆಯ ಗುಂಪು ಪಾಠದ ಬದಲು ಅರ್ಧ ಗಂಟೆಯದನ್ನು ಆರಿಸಿ, ಮುಂಚಿತವಾಗಿ ಹೋಗಿ ಪೋನಿಯ ಮೈ ಉಜ್ಜಿ ಜೀನು ಕಟ್ಟಲು ಕೈಜೋಡಿಸಿದರೆ ಮಗು ಬೆಚ್ಚಗಾಗಿಯೇ ಏರುತ್ತದೆ. ಇಳಿಯುವ ಮುನ್ನ ಪಾದವನ್ನು ರಿಕಾಪಿನಿಂದ ತೆಗೆದು ಒಂದಿಷ್ಟು ಹೊತ್ತು ತಿರುಗಿಸಲು ಹೇಳಿ. ಮರಗಟ್ಟಿದ ಪಾದದ ಮೇಲೆ ಧುಮುಕಿದರೆ ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತದೆ.

ತೊಳೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬಾರದು, ಅದು ಕೋಟಿನ ನೀರು ತಡೆಯುವ ಗುಣವನ್ನೂ ಒಳಅಂಗಿ ಬೆವರು ಹೀರುವ ಗುಣವನ್ನೂ ಕೆಡಿಸುತ್ತದೆ. ಮಷೀನಿಗೆ ಹಾಕುವ ಮೊದಲು ಕೂದಲನ್ನು ರಬ್ಬರ್ ಕೈಗವಸಿನಿಂದ ಒರೆಸಿ ತೆಗೆದರೆ ಫಿಲ್ಟರ್ ಕಟ್ಟುವುದಿಲ್ಲ. ಮಕ್ಕಳು ಬೇಗ ಬೆಳೆಯುವುದರಿಂದ ಕೋಟು, ಟೈಟ್ಸ್, ಬೂಟು ಇವೆಲ್ಲ ಸವಾರಿ ಶಾಲೆಗಳ ಹಳೆ ಬಟ್ಟೆಯ ಕಪಾಟಿನಲ್ಲಿ ಅರ್ಧ ಬೆಲೆಗೆ ಸಿಗುತ್ತವೆ, ನಿಶ್ಚಿಂತೆಯಿಂದ ಕೊಳ್ಳಬಹುದು. ಹೆಲ್ಮೆಟ್ ಮಾತ್ರ ಹೊಸದೇ ಆಗಿರಲಿ; ಒಮ್ಮೆ ಬಿದ್ದು ಒಳಗೆ ಬಿರುಕು ಬಿಟ್ಟಿದ್ದರೂ ಹೊರಗಿನಿಂದ ಅದು ಕಾಣಿಸುವುದಿಲ್ಲ.