ಜೋಡು ತುಂಡಿನ ಅಲಾಯ್ ಗಾಲಿಗಳ ತೊಳೆತ ಮತ್ತು ಪಾಲಿಶ್: ಕಲಬುರಗಿಯ ಧೂಳಿನಲ್ಲಿ ನಾನು ಹೋಲಿಸಿ ನೋಡಿದ ಬಗೆಗಳು

ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ಗಾಲಿಯನ್ನು ಹೇಗೆ ತೊಳೆದರೂ ಅದು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಎರಡು ಅಥವಾ ಮೂರು ತುಂಡುಗಳನ್ನು ಬೋಲ್ಟುಗಳಿಂದ ಬಿಗಿದು ಮಾಡಿದ ಗಾಲಿಯ ಮಾತು ಬೇರೆ. ಅದರಲ್ಲಿ ನಡುವಿನ ಕಡ್ಡಿಗಳ ಭಾಗ ಒಂದು ತುಂಡು, ಹೊರಗೆ ಕಾಣುವ ಹೊಳೆಯುವ ಲಿಪ್ ಒಂದು ತುಂಡು, ಒಳಗಿನ ಬ್ಯಾರೆಲ್ ಇನ್ನೊಂದು ತುಂಡು. ಇವು ಕೂಡುವ ಕಡೆ ಗಾಳಿ ಸೋರದಂತೆ ಸೀಲಂಟ್ ಹಚ್ಚಿರುತ್ತಾರೆ, ಸುತ್ತಲೂ ಸಣ್ಣ ಬೋಲ್ಟುಗಳ ಸಾಲು ಇರುತ್ತದೆ. ಜರ್ಮನಿಯ ಶಿಲ್ಟಾಖ್ ಊರಿನಲ್ಲಿ 1970ರಲ್ಲಿ ಆರಂಭವಾದ ಬಿಬಿಎಸ್ ಕಂಪನಿಯು 1983ರಲ್ಲಿ ಹೊರತಂದ ಆರ್‌ಎಸ್ ಮಾದರಿಯನ್ನು ಕಂಡವರಿಗೆ ನಾನು ಯಾವ ರೂಪದ ಗಾಲಿಯನ್ನು ಕುರಿತು ಹೇಳುತ್ತಿದ್ದೇನೆಂಬುದು ಕೂಡಲೇ ತಿಳಿಯುತ್ತದೆ. ನನ್ನ ಹಳೆಯ ಕಾರಿನಲ್ಲಿರುವುದು ಆ ಮಾದರಿಯಲ್ಲ, ಆದರೆ ಅದೇ ಕಟ್ಟಿನದು: 17 ಇಂಚು, ಮೂರು ತುಂಡು, ಗಾಲಿಯೊಂದಕ್ಕೆ 30 ಬೋಲ್ಟು. ನಾಲ್ಕು ಗಾಲಿಗೆ 120 ಬೋಲ್ಟುಗಳ ಸುತ್ತ 120 ಸಣ್ಣ ಸಂದುಗಳಿವೆ, ಮತ್ತು ಈ ಇಡೀ ಹೋಲಿಕೆಯಲ್ಲಿ ನನ್ನ ತೀರ್ಮಾನಗಳನ್ನು ಬದಲಿಸಿದ್ದು ಆ ಸಂದುಗಳೇ.

ನಾನು ವಾರದಲ್ಲಿ ನಾಲ್ಕು ದಿನ ಕಲಬುರಗಿಯಿಂದ ಸೇಡಂ ಕಡೆಗೆ ಹೋಗಿಬರುತ್ತೇನೆ. ಮಳಖೇಡ, ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಲಾರಿಗಳು, ಶಹಾಬಾದ್ ಕಲ್ಲಿನ ಗಣಿಗಳ ಪುಡಿ, ಎರೆಮಣ್ಣಿನ ಹೊಲಗಳ ಧೂಳು ಇವೆಲ್ಲವೂ ಗಾಲಿಯ ಮೇಲೆ ಬಂದು ಕೂರುತ್ತವೆ. ಕಲ್ಲಿನ ಪುಡಿಯಿಂದ ಗೀರು ಬೀಳುತ್ತದೆಯೇ ಹೊರತು ಲೋಹ ಕರಗುವುದಿಲ್ಲ. ಸಿಮೆಂಟಿನ ಪುಡಿ ಹಾಗಲ್ಲ. ಅದು ನೀರು ಕಂಡೊಡನೆ ಕಟು ಕ್ಷಾರವಾಗುತ್ತದೆ, ಅಲ್ಯೂಮಿನಿಯಂ ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ನಮ್ಮ ಮನೆಗಳಲ್ಲಿ ಜರ್ಮನ್ ಪಾತ್ರೆಯನ್ನು, ಎಂದರೆ ಅಲ್ಯೂಮಿನಿಯಂ ಪಾತ್ರೆಯನ್ನು, ಸೋಡಾ ಹಾಕಿ ತಿಕ್ಕಬಾರದು, ಕಪ್ಪಾಗುತ್ತದೆ ಎಂದು ಹೆಂಗಸರು ಹೇಳುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಒಂದು ವಾರ ತೊಳೆಯದೆ ಬಿಟ್ಟರೆ ಬಣ್ಣವಿಲ್ಲದ ಬರಿ ಲಿಪ್ಪಿನ ಮೇಲೆ ಬೂದು ಚುಕ್ಕೆಗಳು ಏಳುವುದನ್ನು ನಾನು ಎರಡು ಮಳೆಗಾಲ ನೋಡಿದ್ದೇನೆ. ಆದ್ದರಿಂದ ಇಲ್ಲಿ ಗಾಲಿ ತೊಳೆಯುವುದು ಅಂದಕ್ಕಿಂತ ಮೊದಲು ಲೋಹವನ್ನು ಉಳಿಸಿಕೊಳ್ಳುವ ಕೆಲಸ.

ಹೋಲಿಕೆಗೆ ಮುಂಚೆ ಲಿಪ್ಪಿನ ಮೇಲೆ ಏನಿದೆ ಎಂದು ಗೊತ್ತುಮಾಡಿಕೊಳ್ಳಬೇಕು. ಕಾಣದ ಜಾಗದಲ್ಲಿ ಒಂದಿಷ್ಟು ಲೋಹದ ಪಾಲಿಶ್ ಹಚ್ಚಿ ತಿಕ್ಕಿದಾಗ ಬಟ್ಟೆ ಕಪ್ಪಾದರೆ ಅದು ಬರಿ ಅಲ್ಯೂಮಿನಿಯಂ. ಕಪ್ಪಾಗದಿದ್ದರೆ ಮೇಲೆ ಕ್ಲಿಯರ್ ಕೋಟ್ (ಪಾರದರ್ಶಕ ಬಣ್ಣದ ಪದರ) ಇದೆ ಅಥವಾ ಆನೋಡೈಸ್ ಮಾಡಲಾಗಿದೆ, ಎಂದರೆ ವಿದ್ಯುತ್ತಿನಿಂದ ಗಟ್ಟಿ ಆಕ್ಸೈಡ್ ಪದರ ಬೆಳೆಸಲಾಗಿದೆ. ಮಲ್ಟಿಮೀಟರ್ ಇದ್ದವರು ಎರಡು ತಂತಿಗಳನ್ನು ಲಿಪ್ಪಿಗೆ ಮುಟ್ಟಿಸಿಯೂ ನೋಡಬಹುದು: ಬರಿ ಲೋಹದಲ್ಲಿ ವಿದ್ಯುತ್ ಹರಿಯುತ್ತದೆ, ಆ ಎರಡು ಪದರಗಳ ಮೂಲಕ ಹರಿಯುವುದಿಲ್ಲ. ನನ್ನವು ಬರಿ ಲೋಹದವು. ಮುಂದೆ ಪಾಲಿಶ್ ಕುರಿತು ಬರೆದದ್ದು ಅಂಥವಕ್ಕೆ ಮಾತ್ರ ಅನ್ವಯಿಸುತ್ತದೆ.

ತೊಳೆಯುವ ಬಗೆಗಳಲ್ಲಿ ಮೊದಲನೆಯದು ಆಮ್ಲದ ದ್ರವ. ಇದನ್ನು ನಾನು ಬಯಸಿ ಪರೀಕ್ಷಿಸಲಿಲ್ಲ. ಒಂದು ವಾಷಿಂಗ್ ಸೆಂಟರಿನಲ್ಲಿ ಕಾರು ಬಿಟ್ಟಿದ್ದಾಗ, ನಾನು ಹತ್ತಿರ ಹೋಗುವಷ್ಟರಲ್ಲಿ, ಹುಡುಗನೊಬ್ಬ ಹೆಸರಿಲ್ಲದ ಡಬ್ಬಿಯಿಂದ ಕಾರಿನ ಎಡಬದಿಯ ಹಿಂದಿನ ಗಾಲಿಗೆ ಸಿಂಪಡಿಸಿಬಿಟ್ಟಿದ್ದ. ಒಂದೇ ನಿಮಿಷದಲ್ಲಿ ಸಿಮೆಂಟಿನ ಕಲೆಯೂ ಬ್ರೇಕಿನ ಕರಿ ಪುಡಿಯೂ ಇಳಿದುಹೋದವು ಎಂಬುದನ್ನು ಒಪ್ಪಲೇಬೇಕು, ವೇಗದಲ್ಲಿ ಬೇರಾವುದೂ ಅದರ ಸಮೀಪ ಬರಲಿಲ್ಲ. ಆದರೆ ನೀರು ಆರಿದ ಮೇಲೆ ಲಿಪ್ಪಿನ ಮೇಲೆ ಹಾಲು ಚೆಲ್ಲಿದಂಥ ಬಿಳಿ ಮಸುಕು ಉಳಿಯಿತು, ಬೋಲ್ಟುಗಳ ಹೊಳಪು ಸತ್ತಿತು, ಮತ್ತು ಸಂದುಗಳಲ್ಲಿ ಸೇರಿದ್ದ ದ್ರವ ಮುಂದಿನ ಒಂದು ವಾರ ಸ್ವಲ್ಪ ಸ್ವಲ್ಪವೇ ಹೊರಬಂದು ಪ್ರತಿ ಬೋಲ್ಟಿನ ಕೆಳಗೂ ಬಿಳಿ ಗೆರೆ ಎಳೆಯಿತು. ಇಂಥ ಅಗ್ಗದ ದ್ರವಗಳಲ್ಲಿ ಕೆಲವಕ್ಕೆ ಹೈಡ್ರೋಫ್ಲೋರಿಕ್ ಆಮ್ಲವನ್ನು ಅಥವಾ ಅದೇ ಬಗೆಯ ಫ್ಲೋರೈಡ್ ಲವಣವನ್ನು ಬಳಸುತ್ತಾರೆ. ಅದು ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಂ ಜೊತೆ ಕೂಡಿಕೊಳ್ಳುತ್ತದೆ, ಮೊದಲು ಉರಿ ಕಾಣದಿದ್ದರೂ ಆಮೇಲೆ ಗಂಭೀರ ಗಾಯವಾಗುತ್ತದೆ. ಆ ಹುಡುಗನ ಕೈಗೆ ಗ್ಲೌಸ್ ಇರಲಿಲ್ಲ. ನನ್ನ ಗಾಲಿಯ ಮಸುಕಿಗಿಂತ ಆ ಬರಿಗೈ ನನ್ನನ್ನು ಹೆಚ್ಚು ಕಾಡಿತು. ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆದಿಲ್ಲದಿದ್ದರೆ ದಯವಿಟ್ಟು ನಿಮ್ಮ ಗಾಲಿಗೂ ಅದನ್ನು ಹಾಕಿಸಬೇಡಿ, ತೊಳೆಯುವವರಿಗೂ ಮುಟ್ಟಲು ಬಿಡಬೇಡಿ.

ಬಿದ್ರಿ ಕೆಲಸ ಕಂಡವರಿಗೆ ಈ ಹಾನಿಯ ಕಾರಣ ಸುಲಭವಾಗಿ ಅರ್ಥವಾಗುತ್ತದೆ. ಬೀದರ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚಿದಾಗ ಸತುವು ಮತ್ತು ತಾಮ್ರದ ಮಿಶ್ರಲೋಹ ಕಡುಗಪ್ಪಾಗುತ್ತದೆ, ಅದರಲ್ಲೇ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಒಂದೇ ಲೇಪ, ಪಕ್ಕಪಕ್ಕದ ಎರಡು ಲೋಹ, ಎರಡು ಫಲ. ಅಲ್ಲಿ ಕುಶಲಕರ್ಮಿಗೆ ಬೇಕಾದದ್ದೇ ಅದು. ಜೋಡು ತುಂಡಿನ ಗಾಲಿಯಲ್ಲಿಯೂ ಬಣ್ಣ ಬಳಿದ ನಡುಭಾಗ, ಬರಿ ಅಲ್ಯೂಮಿನಿಯಂ ಲಿಪ್ಪು, ಲೇಪನವಿರುವ ಉಕ್ಕಿನ ಬೋಲ್ಟು ಒಂದರ ಪಕ್ಕ ಒಂದು ಕುಳಿತಿವೆ. ಹೀಗಾಗಿ ಮೂರರಲ್ಲಿ ಅತ್ಯಂತ ಮೆದುವಾದದ್ದು ತಡೆದುಕೊಳ್ಳುವಂಥ ದ್ರವವನ್ನೇ ಆರಿಸಬೇಕಾಗುತ್ತದೆ.

ಹಾಗೆ ಆರಿಸಿಕೊಂಡ ಎರಡು ಬಗೆಗಳನ್ನು ಮುಂದಿನ ಎರಡು ಗಾಲಿಗಳ ಮೇಲೆ ಮೂರು ತಿಂಗಳು ಹೋಲಿಸಿದೆ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಬ್ರೇಕಿನ ಪುಡಿ ಮುಂಗಾಲಿಗಳಲ್ಲೇ ಹೆಚ್ಚು. ಎಡ ಮುಂಗಾಲಿಗೆ ಕೇವಲ ಪಿಎಚ್ ಸಮತೋಲದ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಕಾರ್ ಶಾಂಪೂ ಮತ್ತು ಮೆದು ಬ್ರಷ್ಷು, ಬಲ ಮುಂಗಾಲಿಗೆ ಅದೇ ಶಾಂಪೂ, ಜೊತೆಗೆ ಹದಿನೈದು ದಿನಕ್ಕೊಮ್ಮೆ ಐರನ್ ರಿಮೂವರ್. ಈ ಎರಡನೆಯದರಲ್ಲಿ ಥಯೋಗ್ಲೈಕೋಲೇಟ್ ಎಂಬ ವಸ್ತು ಬ್ರೇಕಿನ ಪುಡಿಯಲ್ಲಿರುವ ಕಬ್ಬಿಣದ ಕಣಗಳೊಂದಿಗೆ ಕೂಡಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ನಾತ ಮಾತ್ರ ತಡೆಯುವುದು ಕಷ್ಟ. ಶಾಂಪೂವಿನಿಂದ ಶುದ್ಧವಾಗಿದೆ ಎಂದು ನಾನು ನಂಬಿದ್ದ ಬಲಗಾಲಿಗೆ ಅದನ್ನು ಮೊದಲ ಸಲ ಸಿಂಪಡಿಸಿದಾಗ ಲಿಪ್ಪಿನ ಮೇಲೆ ಬಣ್ಣ ಅಷ್ಟಾಗಿ ಕಾಣಲಿಲ್ಲ. ಆದರೆ ಬೋಲ್ಟುಗಳ ಬುಡದಿಂದ ನೇರಳೆ ಹನಿಗಳು ನಾಲ್ಕು ನಿಮಿಷವಾದರೂ ನಿಲ್ಲದೆ ಇಳಿಯುತ್ತಲೇ ಇದ್ದವು. ಬ್ರಷ್ಷು ಮುಟ್ಟದ ಕಡೆ ಎಷ್ಟು ಕಬ್ಬಿಣ ಕುಳಿತಿತ್ತೆಂದು ಅಂದು ತಿಳಿಯಿತು. ಮೂರು ತಿಂಗಳ ಕೊನೆಗೆ ಎಡಗಾಲಿಯ ಬೋಲ್ಟುಗಳ ಸುತ್ತ ಕಂದು ಉಂಗುರ ಕಂಡಿತು, ಬಲಗಾಲಿಯಲ್ಲಿ ಇಲ್ಲ.

ಹಾಗೆಂದು ಐರನ್ ರಿಮೂವರ್ ಎಲ್ಲಕ್ಕೂ ಮದ್ದಲ್ಲ. ಸಿಮೆಂಟಿನ ಕಲೆಗೆ, ಡಾಂಬರಿಗೆ, ಬೋರ್‌ವೆಲ್ಲಿನ ಗಡಸು ನೀರು ಬಿಟ್ಟುಹೋಗುವ ಸುಣ್ಣದ ಕಟ್ಟಿಗೆ ಅದು ಏನೂ ಮಾಡುವುದಿಲ್ಲ. ನಮ್ಮ ಕಡೆ ಗಾಲಿಯ ಕೊಳೆಯಲ್ಲಿ ಕಬ್ಬಿಣಕ್ಕಿಂತ ಮಣ್ಣು, ಸುಣ್ಣಗಳ ಪಾಲೇ ದೊಡ್ಡದು. ಬೇಸಿಗೆಯಲ್ಲಿ ಹನ್ನೊಂದು ಗಂಟೆಯ ಬಿಸಿಲಿಗೆ ಕಾದ ಗಾಲಿಯ ಮೇಲೆ ಹಾಕಿದರೆ ದ್ರವ ಅಲ್ಲೇ ಒಣಗಿ ಹೊಸ ಕಲೆಯಾಗುತ್ತದೆ, ಆದ್ದರಿಂದ ಬೆಳಗಿನ ಆರಕ್ಕೆ, ಗಾಲಿ ತಣ್ಣಗಿರುವಾಗ ಮಾತ್ರ. ಕೊನೆಯ ನೀರಿಗೆ ನಾನು ಮಳೆಗಾಲದಲ್ಲಿ ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು, ಸೋಸಿ ಬಳಸುತ್ತೇನೆ. ಅದರಲ್ಲಿ ಸುಣ್ಣದ ಅಂಶವಿರುವುದಿಲ್ಲ, ಬಿಳಿ ಚುಕ್ಕೆ ಉಳಿಯುವುದಿಲ್ಲ. ನನ್ನ ಆಯ್ಕೆ ಹೀಗಿದೆ: ಮೊದಲು ಧಾರಾಳ ನೀರು ಹರಿಸಿ ಪುಡಿಯನ್ನೆಲ್ಲ ಇಳಿಸಬೇಕು, ಮುಟ್ಟಬಾರದು. ಆಮೇಲೆ ವಾರಕ್ಕೊಮ್ಮೆ ಶಾಂಪೂ, ಎರಡು ತಿಂಗಳಿಗೊಮ್ಮೆ ಐರನ್ ರಿಮೂವರ್. ಹದಿನೈದು ದಿನಕ್ಕೊಮ್ಮೆ ಬೇಕಾಗುವುದಿಲ್ಲ, ಮೂರನೆಯ ಸಲಕ್ಕೇ ನೇರಳೆ ಬಣ್ಣ ಬರುವುದು ಬಹುಪಾಲು ನಿಂತಿತ್ತು.

ಇನ್ನು ಪಾಲಿಶ್. ಬಲ ಹಿಂಗಾಲಿಯ ಲಿಪ್ಪನ್ನು ಮಾಸ್ಕಿಂಗ್ ಟೇಪಿನಿಂದ ಮೂರು ಪಾಲು ಮಾಡಿದೆ. ಹಿತ್ತಾಳೆಗೆಂದು ಮನೆಗಳಲ್ಲಿ ಬಳಸುವ ದ್ರವ ಪಾಲಿಶ್ ಒಂದಕ್ಕೆ, ಆಟೋಸಾಲ್ ಎಂಬ ಜರ್ಮನ್ ಪೇಸ್ಟ್ ಎರಡನೆಯದಕ್ಕೆ, ಅದೇ ಪೇಸ್ಟನ್ನು ಡ್ರಿಲ್ ಮಶಿನ್ನಿಗೆ ಸ್ಪಂಜಿನ ಶಂಕು ಸಿಕ್ಕಿಸಿ ತಿಕ್ಕುವುದು ಮೂರನೆಯದಕ್ಕೆ. ದ್ರವ ಪಾಲಿಶ್ ಐವತ್ತು ನಿಮಿಷ ತಿಕ್ಕಿಸಿಕೊಂಡು ಮಂಜು ಹಿಡಿದ ಕನ್ನಡಿಯಂಥ ಹೊಳಪು ಕೊಟ್ಟಿತು. ಅದಕ್ಕಿಂತ ಹೆಚ್ಚಿನ ದೋಷವೆಂದರೆ, ನೀರಿನಂತಿರುವುದರಿಂದ ಅದು ನೇರವಾಗಿ ಸಂದಿಗೆ ಹರಿಯುತ್ತದೆ. ಪೇಸ್ಟ್ ಹಚ್ಚಿದ ಕಡೆ ನಿಲ್ಲುತ್ತದೆ. ನಲವತ್ತು ನಿಮಿಷದ ಕೈಕೆಲಸಕ್ಕೆ ಮುಖ ಕಾಣುವಷ್ಟು ಹೊಳಪು ಬಂತು. ಡ್ರಿಲ್ಲಿನಲ್ಲಿ ಹದಿನೈದು ನಿಮಿಷ ಸಾಕಾಯಿತು, ಆದರೆ ಶಂಕು ಬೋಲ್ಟಿನ ತಲೆಗೆ ಎರಡು ಸಲ ಬಡಿದು ಅದರ ಲೇಪ ಉದುರಿಸಿತು, ಕರಿ ಪೇಸ್ಟನ್ನು ಸುತ್ತಲೂ ಎರಚಿತು. ಬೋಲ್ಟುಗಳಿಂದ ಒಂದು ಬೆರಳು ದೂರದವರೆಗೆ ಡ್ರಿಲ್ಲು, ಅಲ್ಲಿಂದ ಒಳಗೆ ಕೈಬೆರಳಿಗೆ ಸುತ್ತಿದ ಹತ್ತಿಬಟ್ಟೆ ಎಂಬ ನಿಯಮ ಆಗ ಮಾಡಿಕೊಂಡೆ.

ನಾಲ್ಕನೆಯ ಬಗೆಯನ್ನು ಕೆಟ್ಟುಹೋಗಿದ್ದ ಎಡ ಹಿಂಗಾಲಿಗೆ ಮಾಡಿಸಿದೆ. ಸ್ಟೀಲ್ ರೇಲಿಂಗ್‌ಗಳನ್ನು ಪಾಲಿಶ್ ಮಾಡುವ ಬಫಿಂಗ್ ಅಂಗಡಿಗೆ ಟಯರ್ ಬಿಚ್ಚಿಸಿ ಗಾಲಿ ಒಯ್ದೆ. ಮೊದಲು 600, ಆಮೇಲೆ 800, 1200, 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ಕೊನೆಗೆ ಹತ್ತಿಯ ಚಕ್ರಕ್ಕೆ ಕಂದು ಮೇಣ, ಅದರ ನಂತರ ಬಿಳಿ ಮೇಣ. ಆಮ್ಲದ ಮಸುಕು ಒಂದು ಮಧ್ಯಾಹ್ನದಲ್ಲಿ ಹೋಯಿತು, ಬಂದ ಹೊಳಪು ಪೇಸ್ಟಿಗಿಂತ ಬಹಳ ಮೇಲು. ನಾನು ಅಂಚಿನ ತನಕ ಮಾಡಿರೆಂದಾಗ ಆ ಹಿರಿಯ ಕೆಲಸಗಾರರು ಚಕ್ರ ನಿಲ್ಲಿಸಿ, “ಬ್ಯಾಡ್ರೀ ಸರ, ಬೋಲ್ಟಿನ ಸಂದ್ಯಾಗ ಮೇಣ ಕುಂತ್ರ ಕರ್ರಗ ಆಗ್ತದ, ಮತ್ತ ಹೊರಗ ಬರೂದಿಲ್ಲ” ಎಂದರು. ನಾನು ಒತ್ತಾಯಿಸಿದೆ, ಅವರು ಹೇಳಿದಂತೆಯೇ ಆಯಿತು. ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಆ ಕರಿಮೇಣ ಕರಗುತ್ತದೆ ನಿಜ, ಆದರೆ ಅವುಗಳಿಂದ ಸಿಲಿಕೋನ್ ಸೀಲಂಟ್ ಉಬ್ಬುತ್ತದೆ, ಆದ್ದರಿಂದ ಹಾಕಲಿಲ್ಲ. ಒಣ ಮೈದಾ ಹಿಟ್ಟು ಉದುರಿಸಿ ಒರೆಸಿದರೆ ಎಣ್ಣೆಯಂಶವನ್ನು ಅದು ಹೀರಿಕೊಂಡು ಮುಕ್ಕಾಲು ಪಾಲು ಬರುತ್ತದೆ. ಉಳಿದದ್ದಕ್ಕೆ ಬೆಚ್ಚನೆಯ ಸೋಪು ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಎರಡು ಭಾನುವಾರ. ಇದಲ್ಲದೆ, ಬಫಿಂಗ್ ಪ್ರತಿ ಸಲವೂ ಲೋಹವನ್ನು ಸವೆಸುತ್ತದೆ, ಲಿಪ್ಪಿನ ಚೂಪು ಅಂಚು ದುಂಡಗಾಗುತ್ತದೆ. ಆಳವಾದ ಗೀರಿಗೆ, ಆಮ್ಲದ ಹಾನಿಗೆ ಅದೊಂದೇ ದಾರಿ, ವರ್ಷವರ್ಷದ ಹೊಳಪಿಗೆ ಖಂಡಿತ ಅಲ್ಲ. ಅದಕ್ಕೆ ಕೈಯಿಂದ ಹಚ್ಚುವ ಪೇಸ್ಟನ್ನೇ ನಾನು ಆರಿಸುತ್ತೇನೆ.

ಪಾಲಿಶ್ ಮೇಲಿನ ರಕ್ಷಣೆಗೆ ಕಾರ್ನೌಬಾ ಮೇಣ ಮೇ ತಿಂಗಳಲ್ಲಿ ಮೂರು ತೊಳೆತಕ್ಕೇ ಹೋಯಿತು, ಸಿಂಥೆಟಿಕ್ ಸೀಲಂಟ್ (ತುಂಡುಗಳ ನಡುವಿನ ಸೀಲಂಟಲ್ಲ, ಹೊಳಪಿನ ಮೇಲೆ ಹಚ್ಚುವ ಲೇಪ) ಸುಮಾರು ಎರಡು ತಿಂಗಳು ನಿಂತಿತು. ಪಾರದರ್ಶಕ ವಾರ್ನಿಷ್‌ನಂಥ ಲ್ಯಾಕರ್ ಹೊಡೆಸಲು ಹಲವರು ಹೇಳಿದರು, ನಾನು ಹೊಡೆಸಲಿಲ್ಲ. ಬೋಲ್ಟಿನ ಅಂಚಿನಲ್ಲಿ ಒಂದು ಕಡೆ ಅದು ಎದ್ದರೂ ಸಾಕು, ತೇವ ಕೆಳಗೆ ಸೇರಿ ಹುಳು ಹರಿದಂಥ ಬಿಳಿ ಗೆರೆಗಳು ಒಳಗೊಳಗೇ ಹಬ್ಬುತ್ತವೆ, ಆಗ ಎಲ್ಲವನ್ನೂ ಕೆರೆದು ತೆಗೆಯಬೇಕು.

ಎಡ ಹಿಂಗಾಲಿಯ ಬೋಲ್ಟುಗಳ ಕೆಳಗೆ ಆಮ್ಲ ಎಳೆದ ಗೆರೆಗಳಲ್ಲಿ ಏಳು ಇನ್ನೂ ಉಳಿದಿವೆ. ಗಾಲಿಯ ತುಂಡುಗಳನ್ನು ಬಿಚ್ಚದೆ ಅವು ಹೋಗುವುದಿಲ್ಲ. ಬಿಚ್ಚಿದರೆ ಹಳೆಯ ಸೀಲಂಟನ್ನು ಪೂರ್ತಿ ತೆಗೆದು ಹೊಸದು ಹಚ್ಚಬೇಕು, 30 ಬೋಲ್ಟುಗಳನ್ನೂ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ತಯಾರಕರು ಹೇಳಿದ ಅಳತೆಗೆ, ಎದುರುಬದುರಿನ ಕ್ರಮದಲ್ಲಿ ಬಿಗಿಯಬೇಕು. ಅದನ್ನು ಬಲ್ಲವರು ನನಗೆ ಇಲ್ಲಿ ಇದುವರೆಗೆ ಸಿಕ್ಕಿಲ್ಲವಾದ್ದರಿಂದ, ಆ ಏಳು ಗೆರೆಗಳನ್ನು ಹಾಗೆಯೇ ಬಿಟ್ಟು ಅವುಗಳ ಮೇಲೆಯೇ ಹೊಳಪು ಕಾಯುವ ಸಿಂಥೆಟಿಕ್ ಸೀಲಂಟ್ ಹಚ್ಚುತ್ತಿದ್ದೇನೆ.