ಕೊಳವೆ ಇಲ್ಲದ ಗ್ಯಾಸ್ ಹೀಟರ್, ಮೂರು ಚಳಿಗಾಲದ ನಂತರ: ಶಾಖಕ್ಕೆ ಪೂರ್ತಿ ಅಂಕ, ಕೈಪಿಡಿಗೆ ಅರ್ಧ

ಗೋಡೆಗೆ ಕೂರಿಸುವ, ಎಲ್‌ಪಿಜಿಯಲ್ಲಿ ಉರಿಯುವ ಮಾದರಿ ಇದು. ಗಂಟೆಗೆ 10,000 ಬಿಟಿಯು, ಅಂದರೆ ಸುಮಾರು 2.9 ಕಿಲೋವ್ಯಾಟ್. ಹೊರಗೆ ಹೋಗುವ ಕೊಳವೆ ಇಲ್ಲ, ಉರಿದದ್ದೆಲ್ಲ ಕೋಣೆಗೇ ಬರುತ್ತದೆ. ಹಾಗಾಗಿ ಶಾಖ ಪೋಲಾಗುವುದಿಲ್ಲ, ಕರೆಂಟ್ ಬೇಕಿಲ್ಲ, ಸದ್ದೂ ಇಲ್ಲ. 12×10 ಅಡಿ ಅಗಲದ, 9 ಅಡಿ ಎತ್ತರದ ಕೋಣೆಗೆ ಧಾರಾಳವಾಗಿ ಸಾಕು. ಹೊಗಳಿಕೆ ಇಲ್ಲಿಗೆ ಮುಗಿಯಿತು.

ತಕರಾರು ಇರುವುದು ಕೈಪಿಡಿಯ ಮೇಲೆ. 'ಕೋಣೆಯಲ್ಲಿ ಸಾಕಷ್ಟು ಗಾಳಿಯಾಡುವಂತೆ ನೋಡಿಕೊಳ್ಳಿ' ಎಂದು ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದಾರೆ. ಸಾಕಷ್ಟು ಅಂದರೆ ಎಷ್ಟು?

ಲೆಕ್ಕ ಹಾಕಿ ನೋಡಿ. ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 210 ಗ್ರಾಂ ಗ್ಯಾಸ್ ಸುಡುತ್ತದೆ (ಅದನ್ನು ಪ್ರೋಪೇನ್ ಎಂದೇ ಹಿಡಿದಿದ್ದೇನೆ). ಅದರಿಂದ ಸುಮಾರು 630 ಗ್ರಾಂ ಕಾರ್ಬನ್ ಡೈಆಕ್ಸೈಡ್, 340 ಮಿಲಿಲೀಟರ್ ನೀರಿನಷ್ಟು ಆವಿ ಹುಟ್ಟುತ್ತದೆ. ಮೇಲಿನ ಅಳತೆಯ ಕೋಣೆಯಲ್ಲಿರುವುದು ಸುಮಾರು 30 ಘನ ಮೀಟರ್ ಗಾಳಿ. ಗಾಳಿ ಎಲ್ಲಿಂದಲೂ ಒಳಬರದಂತೆ ಮುಚ್ಚಿದ್ದೇ ಆದರೆ, ಒಂದೇ ಗಂಟೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 1ಕ್ಕಿಂತ ಹೆಚ್ಚು ಏರುತ್ತದೆ, ಆಮ್ಲಜನಕ ಶೇ 20.9ರಿಂದ 19ರ ಆಸುಪಾಸಿಗೆ ಇಳಿಯುತ್ತದೆ.

'ಓಡಿಎಸ್ ಇದೆಯಲ್ಲ' ಎನ್ನುವವರಿಗೆ ಈ ಮಾತು. ಆಮ್ಲಜನಕ ಕಡಿಮೆಯಾದಾಗ ಗ್ಯಾಸ್ ನಿಲ್ಲಿಸುವ ಆ ಸಾಧನದ ಕೆಲಸ ಸರಳ: ಪೈಲಟ್ ಎಂಬ ಪುಟ್ಟ ಜ್ವಾಲೆ ಥರ್ಮೋಕಪಲ್ (ಬಿಸಿ ಇರುವ ತನಕ ಗ್ಯಾಸ್ ವಾಲ್ವನ್ನು ತೆರೆದಿಡುವ ಕಡ್ಡಿ) ತುದಿಯನ್ನು ಕಾಯಿಸುತ್ತಿರುತ್ತದೆ. ಆಮ್ಲಜನಕ ಇಳಿದಂತೆ ಜ್ವಾಲೆ ತುದಿಯಿಂದ ದೂರ ಸರಿಯುತ್ತದೆ, ಥರ್ಮೋಕಪಲ್ ತಣ್ಣಗಾಗುತ್ತದೆ, ವಾಲ್ವ್ ಮುಚ್ಚಿಕೊಳ್ಳುತ್ತದೆ. ಆದರೆ ಇದು ನಡೆಯುವುದು ಆಮ್ಲಜನಕ ಶೇ 18ರ ಹತ್ತಿರ ಬಂದಾಗ. ಅಷ್ಟು ಹೊತ್ತಿಗೆ ಅದೇ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ 17,000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 17,000 ಪಾಲು, ಅಂದರೆ ಶೇ 1.7) ಮುಟ್ಟಿರುತ್ತದೆ. ಎಂಟು ಗಂಟೆ ದುಡಿಯುವ ಜಾಗಕ್ಕೆ ಸಾಮಾನ್ಯವಾಗಿ ಒಪ್ಪುವ ಮಿತಿ 5,000. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಓಡಿಎಸ್ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡನ್ನು ಅಳೆಯುವುದೂ ಇಲ್ಲ, ನೈಟ್ರೋಜನ್ ಡೈಆಕ್ಸೈಡಂತೂ ಅದರ ಲೆಕ್ಕದಲ್ಲೇ ಇಲ್ಲ.

5,000 ಪಿಪಿಎಂ ಒಳಗೆ ಇರಬೇಕಾದರೆ ಈ ಹೀಟರಿಗೆ ಗಂಟೆಗೆ ಸುಮಾರು 75 ಘನ ಮೀಟರ್ ಹೊಸ ಗಾಳಿ ಬೇಕು. 'ಹಾಗಾದರೆ ಬಿಸಿಯೆಲ್ಲ ಹೊರಗೆ ಹೋಯಿತಲ್ಲ' ಎಂಬ ಆತಂಕ ಬೇಡ. ಒಳಗೂ ಹೊರಗೂ 15 ಡಿಗ್ರಿ ವ್ಯತ್ಯಾಸ ಇದ್ದರೂ ಅಷ್ಟು ಗಾಳಿಯನ್ನು ಕಾಯಿಸಲು ಹಿಡಿಯುವುದು 400 ವ್ಯಾಟ್‌ಗಿಂತ ಕಡಿಮೆ. ಹೀಟರಿನ ಶಕ್ತಿಯಲ್ಲಿ ಎಂಟನೇ ಒಂದು ಪಾಲು, ಅಷ್ಟೇ.

ಒಂದೇ ಕಿಟಕಿ ತೆರೆದರೆ ಕೆಲಸ ಅರ್ಧ. ಒಂದು ತೂತು ಸೂರಿನಿಂದ ಒಂದು ಅಡಿಯೊಳಗೆ, ಇನ್ನೊಂದು ನೆಲದಿಂದ ಒಂದು ಅಡಿಯೊಳಗೆ ಇರಬೇಕು. ಬಿಸಿ ಗಾಳಿ ಮೇಲಿನಿಂದ ಹೋದಷ್ಟೂ ಕೆಳಗಿನಿಂದ ತಂಪು ಗಾಳಿ ತಾನಾಗಿ ಬರುತ್ತದೆ. ಅಮೆರಿಕದ ಎನ್‌ಎಫ್‌ಪಿಎ 54 ಎಂಬ ಗ್ಯಾಸ್ ಸುರಕ್ಷತಾ ಸಂಹಿತೆಯ ಪ್ರಕಾರ ಪ್ರತಿ 1,000 ಬಿಟಿಯುಗೆ 50 ಘನ ಅಡಿಗಿಂತ ಕಡಿಮೆ ಜಾಗ ಇದ್ದರೆ ಅದು ಇಕ್ಕಟ್ಟಿನ ಕೋಣೆ. ಅಂಥ ಕಡೆ ಪಕ್ಕದ ಕೋಣೆಯಿಂದ ಗಾಳಿ ತೆಗೆದುಕೊಳ್ಳುವುದಾದರೆ ಒಂದೊಂದು ತೂತೂ ಕನಿಷ್ಠ 100 ಚದರ ಇಂಚು ಇರಬೇಕು. ನಮ್ಮ ಅಳತೆಯ ಕೋಣೆ 1,080 ಘನ ಅಡಿ, ಈ ನಿಯಮದಂತೆ ಸಲೀಸಾಗಿ ಪಾಸು. ಆದರೆ ಆ ನಿಯಮ ಬಾಗಿಲು ಕಿಟಕಿಗಳ ಸಂದಿಯಲ್ಲಿ ಗಾಳಿ ನುಸುಳುವ ಮನೆಯನ್ನು ಲೆಕ್ಕಕ್ಕಿಟ್ಟುಕೊಂಡದ್ದು. ರಬ್ಬರ್ ಪಟ್ಟಿ ಹಾಕಿದ ಯುಪಿವಿಸಿ ಕಿಟಕಿಗಳ ಕೋಣೆಯಲ್ಲಿ ಅದನ್ನು ನಂಬಬೇಡಿ.

ತೂತಿನ ಅಳತೆಯಲ್ಲೇ ಹೆಚ್ಚಿನವರು ಎಡವುವುದು. 10×10 ಇಂಚಿನ ಚೌಕಟ್ಟು ಕೊರೆದು ಲೂವರ್ (ಓರೆ ಪಟ್ಟಿಗಳ ಮುಚ್ಚಳ) ಹಾಕಿದರೆ 100 ಚದರ ಇಂಚು ಸಿಕ್ಕಿತು ಎಂದುಕೊಳ್ಳುತ್ತಾರೆ. ಲೋಹದ ಲೂವರಿನಲ್ಲಿ ಗಾಳಿಗೆ ತೆರೆದಿರುವುದು ಮುಕ್ಕಾಲು ಭಾಗ ಮಾತ್ರ, ಹಾಗಾಗಿ 12×12 ಬೇಕು. ಮರದ್ದಾದರೆ ಕಾಲು ಭಾಗ ಎಂದೇ ಹಿಡಿಯಬೇಕು; 20×20 ಆಗುತ್ತದೆ. ಜಾಲರಿಯ ಕಣ್ಣು ಕಾಲು ಇಂಚಿಗಿಂತ ಸಣ್ಣದಿರಬಾರದು. ಸೊಳ್ಳೆ ಪರದೆ ಹೊಡೆದರೆ ಒಂದೇ ಸೀಸನ್ನಿನಲ್ಲಿ ಧೂಳು ತುಂಬಿ ಮುಚ್ಚಿಹೋಗುತ್ತದೆ.

ಗಾಳಿ ಸಾಲುತ್ತಿಲ್ಲ ಎಂದು ಮೊದಲು ಹೇಳುವುದು ಕಿಟಕಿಯ ಗಾಜು. ಹೀಟರ್ ಹಚ್ಚಿದ ಮೇಲೆ ಗಾಜಿನ ಕೆಳಅಂಚಿನಲ್ಲಿ ಹನಿ ಕಟ್ಟಿ ಇಳಿಯತೊಡಗಿದರೆ ತೂತು ಸಾಲದು ಎಂದೇ ಅರ್ಥ. ನಾಲ್ಕು ಗಂಟೆಗೆ ಒಂದೂ ಕಾಲು ಲೀಟರಿಗಿಂತ ಹೆಚ್ಚು ನೀರು ಗಾಳಿಗೆ ಸೇರುತ್ತದೆ, ಬೀರುವಿನ ಹಿಂದಿನ ಗೋಡೆ ಬೂಷ್ಟು ಹಿಡಿಯುವುದು ಇದರಿಂದಲೇ.

ಎರಡನೇ ಚಳಿಗಾಲದಿಂದ ಕಾಣುವ ತೊಂದರೆ: ಕೆಲ ಹೊತ್ತು ಉರಿದು ತಾನಾಗಿ ಆರುವುದು. ತಕ್ಷಣ ಥರ್ಮೋಕಪಲ್ ಬದಲಿಸಬೇಡಿ. ಮೇಲೆ ಕೆಳಗೆ ಎರಡೂ ಕಡೆ ತೆರೆದು ಹಚ್ಚಿ ನೋಡಿ. ಆಗ ಆರದಿದ್ದರೆ ಕೊರತೆ ಗಾಳಿಯದ್ದು, ಓಡಿಎಸ್ ತನ್ನ ಕೆಲಸ ಮಾಡಿದೆ. ಆಗಲೂ ಆರಿದರೆ ಪೈಲಟ್‌ನ ಗಾಳಿ ತೂತಿನಲ್ಲಿ ಧೂಳೋ ಜೇಡರ ಬಲೆಯೋ ಇರಬಹುದು. ಗ್ಯಾಸ್ ಬಂದ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಮೆಲ್ಲನೆ ಗಾಳಿ ಊದಿ. ಪಿನ್ ಹಾಕಿ ಕೆದಕಿದರೆ ರಂಧ್ರದ ಅಳತೆ ಕೆಟ್ಟು ಓಡಿಎಸ್ ನಂಬಿಕೆಗೆ ಬಾರದಂತಾಗುತ್ತದೆ. ಸೀಲಿಂಗ್ ಫ್ಯಾನ್ ಜೋರಾಗಿದ್ದರೂ ಜ್ವಾಲೆ ಥರ್ಮೋಕಪಲ್‌ನಿಂದ ಸರಿದು ಇದೇ ಥರ ಆರುತ್ತದೆ. ಬೆಂಕಿ ನೀಲಿ ಬಿಟ್ಟು ಹಳದಿ ತುದಿಯಾದರೆ ಬಳಸುವುದನ್ನೇ ನಿಲ್ಲಿಸಿ ಮೆಕ್ಯಾನಿಕ್ ಕರೆಯಿಸಿ. ಓಡಿಎಸ್‌ಗೆ ಬೈಪಾಸ್ ಮಾಡಿಕೊಡುತ್ತೇನೆ ಎನ್ನುವ ಮೆಕ್ಯಾನಿಕ್ ಮಾತ್ರ ಬೇಡ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆಯಾಗಿಯೇ ಕೊಳ್ಳಬೇಕು. ಅಮೆರಿಕದ ಯುಎಲ್ 2034 ಮಾನದಂಡದ ಅಲಾರಂ 70 ಪಿಪಿಎಂನಲ್ಲಿ ಕೂಗಲು ಒಂದರಿಂದ ನಾಲ್ಕು ಗಂಟೆ ತೆಗೆದುಕೊಳ್ಳಬಹುದು, ಹಾಗಾಗಿ ಅದು ಸುಮ್ಮನಿದೆ ಎಂದು ಕಿಟಕಿ ಮುಚ್ಚಬೇಡಿ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ಓಕರಿಕೆ ಬಂದರೆ ಅಲಾರಂ ಕಾಯದೆ ಮೊದಲು ಎಲ್ಲರೂ ಹೊರಗೆ ಬನ್ನಿ. ಅಲಾರಂ ಹಿಂಬದಿಯಲ್ಲಿ ಅವಧಿ ಮುಗಿಯುವ ತಾರೀಖು ಇರುತ್ತದೆ. ಅದು ದಾಟಿದ ಮೇಲೆ ಟೆಸ್ಟ್ ಬಟನ್ ಒತ್ತಿದಾಗ ಸದ್ದು ಬಂದರೂ ಸೆನ್ಸರ್ ಸರಿಯಿದೆ ಎಂದೇನಲ್ಲ. ಆ ಬಟನ್ ಪರೀಕ್ಷಿಸುವುದು ಬ್ಯಾಟರಿ, ಬಝರ್‌ಗಳನ್ನೇ ಹೊರತು ಅನಿಲ ಹಿಡಿಯುವ ಶಕ್ತಿಯನ್ನಲ್ಲ.