ಬಸ್ ತರಬೇತಿಗೆ ದುಡ್ಡು ಕಟ್ಟುವ ಮುಂಚೆ: ಖಾಲಿ ಮೈದಾನದ ಕಲಿಕೆ ಬಗ್ಗೆ ಎಚ್ಚರ

ಸ್ಕೂಲ್ ಬಸ್ ಅಥವಾ ಪ್ರಯಾಣಿಕರ ಬಸ್ ಓಡಿಸುವ ಲೈಸೆನ್ಸ್ ಮಾಡಿಸಬೇಕು ಅಂತ ತರಬೇತಿ ಕೇಂದ್ರ ಹುಡುಕುತ್ತಿದ್ದೀರಾ? ಹಾಗಿದ್ದರೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ನಾನು ಸೇರಿದ್ದ ಕೇಂದ್ರದ ಹೆಸರು ಹೇಳುವುದಿಲ್ಲ. ಅಂಥವು ಬೇಕಾದಷ್ಟಿವೆ, ಅವರ ವರಸೆ ಗೊತ್ತಾದರೆ ಸಾಕು.

ಸೇರುವಾಗ ಎಲ್ಲ ಚೆನ್ನಾಗಿಯೇ ಹೇಳಿದ್ದರು. ದಿನಾ ಬಸ್ ಓಡಿಸಲು ಕೊಡುತ್ತೇವೆ, ಲೈಸೆನ್ಸ್ ಗ್ಯಾರಂಟಿ, ಕೆಲಸವನ್ನೂ ನಾವೇ ಕೊಡಿಸುತ್ತೇವೆ ಅಂದರು. ಶುರುವಾದ ಮೇಲೆ ನೋಡಿದರೆ ಇದ್ದದ್ದು ಒಂದೇ ಹಳೇ ಬಸ್ಸು, ಅದರ ತುಂಬಾ ಕಲಿಯುವವರು. ಒಬ್ಬರು ಸ್ಟೇರಿಂಗ್ ಹಿಡಿದರೆ ಉಳಿದವರು ಹಿಂದೆ ಕೂತು ಕಾಯಬೇಕು. ಸರದಿ ಬಂದಾಗ ಮೈದಾನದಲ್ಲಿ ಒಂದೆರಡು ಸುತ್ತು, ಅಷ್ಟೇ. ಆದರೆ ತರಬೇತಿ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆಯೂ ಪೂರ್ತಿ ಗಂಟೆಗಳು! ಸುಮ್ನೆ ಕೂತು ಕಾದ ಹೊತ್ತನ್ನೂ ಬಸ್ ಓಡಿಸಿದ ಲೆಕ್ಕಕ್ಕೆ ಸೇರಿಸಿದ್ದರು. ನಾವು ಕೆಲವರು ಸೇರಿ ಇದನ್ನು ಕೇಳಿದೆವು. "ಸಹಿ ಹಾಕದಿದ್ದರೆ ಸರ್ಟಿಫಿಕೇಟ್ ಸಿಗಲ್ಲ" ಎಂದು ಬಾಯಿ ಮುಚ್ಚಿಸಿದರು.

ಅದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬಂದದ್ದು ಅವರು ಕಲಿಸಿದ ರೀತಿಗೆ. "ಆ ಕಂಬ ಕನ್ನಡಿಯ ಮೂಲೆಗೆ ಬಂದಾಗ ಸ್ಟೇರಿಂಗ್ ಪೂರ್ತಿ ತಿರುಗಿಸು, ಬಸ್ ತಾನೇ ಒಳಗೆ ಹೋಗುತ್ತದೆ." ರಿವರ್ಸ್ ಪಾಠ ಅಂದರೆ ಇಷ್ಟೇ. ಪರೀಕ್ಷೆಯ ಜಾಗದಲ್ಲಿ ಅದೇ ಕಂಬ ಇರುತ್ತದೆ, ಪಾಸಾಗುತ್ತೀರಿ. ಬೇರೆ ಜಾಗಕ್ಕೆ ಹೋದರೆ ಏನೂ ಗೊತ್ತಿರುವುದಿಲ್ಲ.

ನನ್ನ ಜೊತೆ ಕಲಿತ ಒಬ್ಬರಿಗೆ ಆದದ್ದು ಇದೇ. ಲೈಸೆನ್ಸ್ ಬಂತು, ಕೆಲಸವೂ ಸಿಕ್ಕಿತು. ನಿಲ್ದಾಣದಿಂದ ಎಡಕ್ಕೆ ತಿರುಗಿಸುವಾಗ ಬಸ್ಸಿನ ಬಾಲ ಬಲಕ್ಕೆ ಬೀಸಿ, ಪಕ್ಕದಲ್ಲಿ ನಿಂತಿದ್ದ ಕಾರಿಗೆ ತಗುಲಿತು. ಹಿಂದಿನ ಚಕ್ರದ ಆಚೆ ಚಾಚಿಕೊಂಡಿರುವ ಭಾಗ ತಿರುವಿನ ವಿರುದ್ಧ ದಿಕ್ಕಿಗೆ ಬೀಸುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರದೆ ತಿರುವಿನ ಒಳಗೆ ಕತ್ತರಿಸುತ್ತದೆ ಎಂಬುದನ್ನೂ ಹೇಳಿರಲಿಲ್ಲ. ಕೆಲಸ ಹೋಯಿತು. ಅಲ್ಲಿ ಕಾರಿನ ಬದಲು ಒಂದು ಮಗು ನಿಂತಿದ್ದರೆ? ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬಸ್ಸಿನ ಉದ್ದದ ಅಂದಾಜು ಎಷ್ಟು ಮುಖ್ಯ ಗೊತ್ತಾ? 1995ರ ಅಕ್ಟೋಬರ್ 25ರಂದು ಅಮೆರಿಕದ ಇಲಿನಾಯ್ ರಾಜ್ಯದ ಫಾಕ್ಸ್ ರಿವರ್ ಗ್ರೋವ್‌ನಲ್ಲಿ ಒಂದು ಸ್ಕೂಲ್ ಬಸ್ ರೈಲ್ವೆ ಕ್ರಾಸಿಂಗ್ ದಾಟಿ ಕೆಂಪು ದೀಪಕ್ಕೆ ನಿಂತಿತ್ತು. ಅದರ ಹಿಂಭಾಗ ಇನ್ನೂ ರೈಲಿನ ದಾರಿಯಲ್ಲೇ ಇತ್ತು. ರೈಲು ಗುದ್ದಿ 7 ವಿದ್ಯಾರ್ಥಿಗಳು ಸತ್ತರು. ಸಿಗ್ನಲ್‌ಗಳ ಹೊಂದಾಣಿಕೆಯಲ್ಲೂ ದೋಷವಿತ್ತು, ಎಲ್ಲವೂ ಚಾಲಕರ ತಲೆ ಮೇಲೆ ಬರುವಂಥದ್ದಲ್ಲ. ಆದರೆ ಅವರು ಬದಲಿಯಾಗಿ ಬಂದವರು, ಆ ದಾರಿ ಅವರಿಗೆ ಹೊಸದು. ಹಳಿಯ ಆಚೆ ಇಡೀ ಬಸ್ ನಿಲ್ಲುವಷ್ಟು ಜಾಗ ಇದೆಯಾ ಅಂತ ನೋಡಿಕೊಂಡೇ ಹಳಿ ಹತ್ತಬೇಕು. ಇದನ್ನು ನಮ್ಮ ಕೇಂದ್ರದಲ್ಲಿ ಒಂದು ಸಲವೂ ಹೇಳಲಿಲ್ಲ.

ಏರ್ ಬ್ರೇಕ್ ಪಾಠವೂ ಹೀಗೇ. "ಕಾರಿನ ಥರಾನೇ, ಒತ್ತಿದರೆ ನಿಲ್ಲುತ್ತೆ" ಅಂದರು. ಖಂಡಿತ ಅಲ್ಲ. ಗಾಳಿ ಪೈಪಿನಲ್ಲಿ ಹರಿದು ಚಕ್ರ ತಲುಪಲು ಒಂದಿಷ್ಟು ಹೊತ್ತು ಬೇಕು, ಅಷ್ಟರಲ್ಲಿ ಬಸ್ ಮುಂದೆ ಹೋಗಿರುತ್ತದೆ. ಗಾಳಿ ಟ್ಯಾಂಕಿನ ಒತ್ತಡ ಸಾಮಾನ್ಯವಾಗಿ 4 ಬಾರ್ (ಒತ್ತಡದ ಅಳತೆ) ಆಸುಪಾಸಿಗೆ ಇಳಿದಾಗ ಎಚ್ಚರಿಕೆಯ ಬಜರ್ ಹೊಡೆಯುತ್ತದೆ. ಇನ್ನೂ ಇಳಿದರೆ ಸ್ಪ್ರಿಂಗ್ ಬ್ರೇಕ್, ಅಂದರೆ ಗಾಳಿ ಇಲ್ಲದಾಗ ಸ್ಪ್ರಿಂಗ್ ಬಲದಿಂದ ಹಿಡಿಯುವ ಬ್ರೇಕ್, ತಾನಾಗಿಯೇ ಹಿಡಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಹೋದರೆ ಚಕ್ರದ ಬ್ರೇಕ್ ಡ್ರಮ್ ಕಾದು ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ಇಳಿಯುವ ಮುಂಚೆಯೇ ಗೇರ್ ಇಳಿಸಬೇಕು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಒಬ್ಬ ಹಿರಿಯ ಚಾಲಕರಿಂದ. ಅವರು ತುಂಬಿದ ಬಸ್ಸಿನಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ತೋರಿಸಿದರು. ಖಾಲಿ ಬಸ್ಸಿಗೂ ತುಂಬಿದ ಬಸ್ಸಿಗೂ ಬ್ರೇಕ್ ಹಾಕುವಾಗ ಎಷ್ಟು ವ್ಯತ್ಯಾಸ ಇದೆ ಅಂತ ನನಗೆ ಅರ್ಥವಾದದ್ದು ಆ ದಿನ.

ಮಕ್ಕಳ ವಿಷಯಕ್ಕೆ ಬಂದರೆ ನಮ್ಮ ಕೇಂದ್ರದಲ್ಲಿ ಪಾಠವೇ ಇರಲಿಲ್ಲ. ಇಳಿದ ಮಗು ಬಿದ್ದ ಪೆನ್ಸಿಲ್ ಎತ್ತಿಕೊಳ್ಳಲು ಬಸ್ಸಿನ ಮುಂದೆ ಬಗ್ಗಿದರೆ ಸೀಟಿನಿಂದ ಕಾಣುವುದೇ ಇಲ್ಲ. ಇಳಿದವರನ್ನೆಲ್ಲ ಎಣಿಸಬೇಕು. ಎಲ್ಲರೂ ದೂರ ಸರಿದದ್ದು ಕಂಡ ಮೇಲೇ ಬಸ್ ಬಿಡಬೇಕು. ಕೊನೆಯ ಟ್ರಿಪ್ ಮುಗಿದ ಮೇಲೆ ಹಿಂದಿನ ಸೀಟಿನ ತನಕ ನಡೆದು, ಯಾವ ಮಗುವಾದರೂ ನಿದ್ದೆಹೋಗಿದೆಯಾ ಅಂತ ಬಗ್ಗಿ ನೋಡಬೇಕು. ತುರ್ತು ಬಾಗಿಲು ದಿನಾ ತೆರೆದು ನೋಡಬೇಕು. 1988ರಲ್ಲಿ ಅಮೆರಿಕದ ಕೆಂಟಕಿಯ ಕ್ಯಾರಲ್ಟನ್ ಬಳಿ ಎದುರಿನ ವಾಹನ ಗುದ್ದಿ ಬಸ್ಸಿಗೆ ಬೆಂಕಿ ಹತ್ತಿತು. ಮುಂದಿನ ಬಾಗಿಲ ದಾರಿ ಮುಚ್ಚಿಹೋಗಿ 27 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹುಡುಗ ಹುಡುಗಿಯರು. ಇಷ್ಟಾದರೂ ನಮ್ಮ ತರಬೇತಿ ಬಸ್ಸಿನ ಹಿಂಬಾಗಿಲಿಗೆ ತುಕ್ಕು ಹಿಡಿದಿತ್ತು.

ಒಳ್ಳೆಯ ತರಬೇತಿಗೆ ಎಷ್ಟು ಹೊತ್ತು ಬೇಕು ಅಂತ ಅಂದಾಜಿಗೆ ಹೇಳುತ್ತೇನೆ. ಯುರೋಪ್ ಒಕ್ಕೂಟದಲ್ಲಿ ವೃತ್ತಿಪರ ಬಸ್ ಚಾಲಕರ ಪೂರ್ಣ ತರಬೇತಿ 280 ಗಂಟೆ, ಚಿಕ್ಕ ಕೋರ್ಸ್ ಆದರೂ 140 ಗಂಟೆ. ಆಮೇಲೂ 5 ವರ್ಷಕ್ಕೊಮ್ಮೆ 35 ಗಂಟೆ ಕೂರಬೇಕು. ಅಮೆರಿಕದ ರಾಷ್ಟ್ರೀಯ ನಿಯಮದಲ್ಲಿ ಗಂಟೆಯ ಲೆಕ್ಕ ಇಲ್ಲ, ಆದರೆ 2022ರ ಫೆಬ್ರವರಿಯಿಂದ ಹೊಸಬರು ಸರ್ಕಾರಿ ಪಟ್ಟಿಯಲ್ಲಿರುವ ಕೇಂದ್ರದಲ್ಲೇ ಕಲಿಯಬೇಕು. ಹಾಗಾಗಿ "ಕೆಲವೇ ದಿನದಲ್ಲಿ ಲೈಸೆನ್ಸ್ ಗ್ಯಾರಂಟಿ" ಅನ್ನುವವರ ಹತ್ತಿರ ಹೋಗಲೇಬೇಡಿ. ಕೇಂದ್ರಕ್ಕೆ ಮಾನ್ಯತೆ ಇದೆಯಾ ಅಂತ ಲೈಸೆನ್ಸ್ ಕೊಡುವ ಕಚೇರಿಯಲ್ಲೇ ಕೇಳಿ, ಅವರು ಗೋಡೆಗೆ ಹಾಕಿದ ಕಾಗದ ನಂಬಬೇಡಿ. ಒಂದು ಬ್ಯಾಚಿಗೆ ಎಷ್ಟು ಜನ, ಸ್ಟೇರಿಂಗ್ ಹಿಡಿದು ಎಷ್ಟು ಹೊತ್ತು, ರಸ್ತೆಗೆ ಒಯ್ಯುತ್ತಾರಾ, ರಾತ್ರಿ ಓಡಿಸಲು ಕೊಡುತ್ತಾರಾ, ಇದನ್ನೆಲ್ಲ ಬರಹದಲ್ಲಿ ಕೇಳಿ. ಒಂದು ದಿನ ಹೋಗಿ ಅವರ ಬಸ್ಸಿನಲ್ಲಿ ಕೂತು ನೋಡಲು ಬಿಡದಿದ್ದರೆ ವಾಪಸ್ ಬನ್ನಿ.

ಕೆಲಸ ಕೊಡಿಸುತ್ತೇವೆ ಅಂತ ಬಾಂಡ್ ಬರೆಸಿಕೊಳ್ಳುವವರ ಬಗ್ಗೆ ಇನ್ನೂ ಹುಷಾರಾಗಿರಿ. ತರಬೇತಿ ಪುಕ್ಕಟೆ ಅನ್ನುತ್ತಾರೆ, ನಡುವೆ ಬಿಟ್ಟರೆ ದೊಡ್ಡ ಮೊತ್ತ ಕಟ್ಟಬೇಕು ಅಂತ ಒಳಗಿನ ಪುಟದಲ್ಲಿ ಇರುತ್ತದೆ. ನಮ್ಮಲ್ಲಿ ಕೆಲವರ ಒರಿಜಿನಲ್ ಕಾಗದಗಳನ್ನೇ ಇಟ್ಟುಕೊಂಡಿದ್ದರು. ಯಾರೇ ಕೇಳಲಿ, ಜೆರಾಕ್ಸ್ ಮಾತ್ರ ಕೊಡಿ.

ಈಗಾಗಲೇ ಸೇರಿ ಸಿಕ್ಕಿಕೊಂಡಿದ್ದೀರಾ? ನಿಮ್ಮದೇ ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ದಿನಾಂಕ, ಸ್ಟೇರಿಂಗ್ ಹಿಡಿದ ಹೊತ್ತು, ಬಸ್ಸಿನ ನಂಬರ್, ಕಲಿಸಿದವರ ಹೆಸರು ಅವತ್ತೇ ಬರೆದಿಡಿ. ಅವರ ತರಬೇತಿ ಪುಸ್ತಕದ ಪುಟದ ಫೋಟೋ ತೆಗೆದುಕೊಳ್ಳಿ. ಜೊತೆಗಿರುವವರೆಲ್ಲ ಸೇರಿ ಲೈಸೆನ್ಸ್ ಕಚೇರಿಗೆ ಬರಹದಲ್ಲಿ ದೂರು ಕೊಡಿ, ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಒಬ್ಬೊಬ್ಬರೇ ಹೋದರೆ ಗದರಿಸಿ ಕಳಿಸುತ್ತಾರೆ, ನಮಗೂ ಮೊದಲು ಹಾಗೇ ಮಾಡಿದರು. ಎಲ್ಲರೂ ಒಟ್ಟಿಗೆ ಹೋದ ಮೇಲೇ ಅರ್ಜಿ ತೆಗೆದುಕೊಂಡರು.